ಬಿಟ್ಟುಹೋದ ವ್ಯಾಯಾಮಕ್ಕೆ ಮರಳುವುದು ಹೇಗೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ವ್ಯಾಯಾಮದ ಬಗ್ಗೆ ಬಂದ ಪತ್ರಗಳಲ್ಲಿ ಯಾವ ವ್ಯಾಯಾಮ ಮಾಡಬೇಕು ಎಂದು ಕೇಳಿದವರು ಕಡಿಮೆ. ಶುರು ಮಾಡಿದ್ದು ಏಕೆ ನಿಲ್ಲುತ್ತದೆ, ನಿಂತ ಮೇಲೆ ಮನಸ್ಸು ಮತ್ತೆ ಏಕೆ ಏಳುವುದಿಲ್ಲ ಎಂಬುದೇ ಹೆಚ್ಚಿನವರ ಪ್ರಶ್ನೆ. ಅಂಥ ಐದು ಪತ್ರಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಹೃದಯದ ತೊಂದರೆ, ಅಧಿಕ ರಕ್ತದೊತ್ತಡ ಅಥವಾ ಹಳೆಯ ಗಾಯಗಳಿರುವವರು ತಮ್ಮ ವೈದ್ಯರನ್ನು ಕೇಳಿಕೊಂಡೇ ಇಲ್ಲಿನ ಸಲಹೆಗಳನ್ನು ಪಾಲಿಸಬೇಕು.

ಪ್ರಶ್ನೆ: ನನಗೆ 34 ವರ್ಷ, ಸಾಫ್ಟ್‌ವೇರ್ ಉದ್ಯೋಗಿ. ಪ್ರತಿ ಜನವರಿಯಲ್ಲಿ ಜಿಮ್‌ಗೆ ಇಡೀ ವರ್ಷದ ಶುಲ್ಕ ಕಟ್ಟುತ್ತೇನೆ. ಶಿವರಾತ್ರಿ ಬರುವಷ್ಟರಲ್ಲಿ ಹೋಗುವುದು ನಿಂತಿರುತ್ತದೆ. 21 ದಿನ ಬಿಡದೆ ಮಾಡಿದರೆ ಯಾವ ಕೆಲಸವಾದರೂ ಅಭ್ಯಾಸವಾಗುತ್ತದೆ ಎಂದು ಕೇಳಿ, ಈ ಸಲ ಹಟ ಹಿಡಿದು 21 ದಿನ ಮುಗಿಸಿದೆ. ಆಮೇಲೆ ಆಫೀಸಿನ ಒತ್ತಡದಲ್ಲಿ ಎರಡು ದಿನ ತಪ್ಪಿತು, ಅಲ್ಲಿಗೆ ಎಲ್ಲವೂ ನಿಂತಿತು. ನನಗೆ ಇಚ್ಛಾಶಕ್ತಿಯೇ ಇಲ್ಲವೇ?
- ಎಸ್. ಕೆ., ಬೆಂಗಳೂರು

ಉತ್ತರ: 21 ದಿನ ಬಿಡದೆ ಜಿಮ್‌ಗೆ ಹೋದವರಿಗೆ ಇಚ್ಛಾಶಕ್ತಿ ಇಲ್ಲವೆಂದು ಹೇಳಲು ಬರುವುದಿಲ್ಲ. ನಿಮ್ಮನ್ನು ಕೈಬಿಟ್ಟದ್ದು ಆ 21ರ ಲೆಕ್ಕ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅವರು 1960ರಲ್ಲಿ, ಶಸ್ತ್ರಚಿಕಿತ್ಸೆಯಿಂದ ಮುಖದ ರೂಪ ಬದಲಾದವರಿಗೆ ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನಗಳಾದರೂ ಬೇಕು ಎಂದು ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುವಾಗ ‘ಕನಿಷ್ಠ’ ಎಂಬುದು ಬಿದ್ದುಹೋಯಿತು, ಕನ್ನಡಿಯಲ್ಲಿ ಕಾಣುವ ಮುಖದ ಬಗ್ಗೆ ಹೇಳಿದ ಮಾತು ವ್ಯಾಯಾಮಕ್ಕೂ ಅಂಟಿಕೊಂಡಿತು.

ಅಭ್ಯಾಸ ಕೂರಲು ನಿಜವಾಗಿ ಎಷ್ಟು ಕಾಲ ಬೇಕೆಂಬುದನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಅವರ ಸಹೋದ್ಯೋಗಿಗಳು 96 ಜನರನ್ನು 12 ವಾರ ಗಮನಿಸಿ ಲೆಕ್ಕ ಹಾಕಿದ್ದಾರೆ. ನಡುವಣ ಅಂಕಿ 66 ದಿನ. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದು 18 ದಿನಗಳಿಂದ 254 ದಿನಗಳವರೆಗೆ ಹರಡಿಕೊಂಡಿತ್ತು (12 ವಾರ ಮೀರಿದ ಅಂಕಿಗಳು ಲೆಕ್ಕದಿಂದ ತೆಗೆದ ಅಂದಾಜು). ಊಟದೊಂದಿಗೆ ಒಂದು ಲೋಟ ನೀರು ಕುಡಿಯುವಂಥ ಸುಲಭದ ಕೆಲಸಗಳು ಬೇಗ ಅಭ್ಯಾಸವಾದರೆ, ವ್ಯಾಯಾಮವನ್ನು ಆರಿಸಿಕೊಂಡವರಿಗೆ ಅದರ ಒಂದೂವರೆ ಪಟ್ಟು ಕಾಲ ಬೇಕಾಯಿತು. ಅಂದರೆ ನೀವು ನಿಂತ 21ನೇ ದಿನ ದಾರಿಯ ಆರಂಭದ ಭಾಗವೇ ಆಗಿತ್ತು, ಅಲ್ಲಿ ಕೆಲಸ ಇನ್ನೂ ಕಷ್ಟವೆನಿಸುವುದು ಸಹಜ. ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು: ನಡುವೆ ಒಂದು ದಿನ ತಪ್ಪಿದರೂ ಅಭ್ಯಾಸ ರೂಪುಗೊಳ್ಳುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ.

ಹಾಗಿದ್ದರೆ ಎರಡು ದಿನ ತಪ್ಪಿದ್ದಕ್ಕೆ ಎಲ್ಲವೂ ನಿಂತದ್ದೇಕೆ? 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ನಡೆಸಿದ ಒಂದು ಪ್ರಯೋಗದಲ್ಲಿ, ಸದಾ ಪಥ್ಯದ ಚಿಂತೆಯಲ್ಲಿರುವವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮ್ ಮುಂದಿಟ್ಟರು. ಹೊಟ್ಟೆಗೆ ಆಗಲೇ ಮಿಲ್ಕ್‌ಶೇಕ್ ಬಿದ್ದಿರುವುದರಿಂದ ಅವರು ಕಡಿಮೆ ತಿನ್ನಬೇಕಿತ್ತು. ಆದರೆ ಏನನ್ನೂ ಕುಡಿಯದೆ ಬಂದ ಪಥ್ಯದವರಿಗಿಂತ ಹೆಚ್ಚೇ ತಿಂದರು. ನೇಮ ಒಮ್ಮೆ ಮುರಿಯಿತೆಂದು ಅನಿಸಿದ ಕೂಡಲೇ, ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂಬ ಲೆಕ್ಕಕ್ಕೆ ಮನಸ್ಸು ಬಂದುಬಿಡುತ್ತದೆ. ನಿಮ್ಮಲ್ಲಿ ಆದದ್ದೂ ಇದೇ. ‘ಬಿಡದೆ’ ಎಂಬುದನ್ನೇ ನೇಮವಾಗಿ ಇಟ್ಟುಕೊಂಡವರಿಗೆ ಬಿಟ್ಟ ಮೊದಲ ದಿನವೇ ನೇಮ ಮುಗಿದುಹೋಗುತ್ತದೆ, ಮುಂದೆ ಉಳಿಸಿಕೊಳ್ಳಲು ಏನೂ ಇರುವುದಿಲ್ಲ.

ಆದ್ದರಿಂದ ಈ ಸಲ ತಪ್ಪುವ ದಿನಗಳನ್ನೂ ಸೇರಿಸಿಯೇ ಯೋಜನೆ ಹಾಕಿಕೊಳ್ಳಿ. ಜಿಮ್‌ಗೆ ವಾರದಲ್ಲಿ ಎರಡು ದಿನ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ವಾರಕ್ಕೆ ಎರಡು ದಿನವಾದರೂ ಮಾಡಿ ಎನ್ನುತ್ತದೆ, ಅದರ ಜೊತೆಗೆ ವಾರಕ್ಕೆ ಒಟ್ಟು 150ರಿಂದ 300 ನಿಮಿಷಗಳ ಸಾಧಾರಣ ವೇಗದ ಚಟುವಟಿಕೆ ಇರಲಿ ಎನ್ನುತ್ತದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಜಾಗದಲ್ಲಿ ಎಂಬುದನ್ನು ಕಾಗದದ ಮೇಲೆ ಬರೆದಿಡಿ. ಬ್ರಿಟನ್ನಿನಲ್ಲಿ ವಿದ್ಯಾರ್ಥಿಗಳ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವ್ಯಾಯಾಮದ ಲಾಭಗಳನ್ನು ಓದಿ ಹುರುಪುಗೊಂಡವರಲ್ಲಿ ಮುಂದಿನ ವಾರ ನಿಜವಾಗಿ ವ್ಯಾಯಾಮ ಮಾಡಿದವರು 35 ಪ್ರತಿಶತ. ಅದೇ ಮಾಹಿತಿ ಓದಿದ ಮೇಲೆ ದಿನ, ಹೊತ್ತು, ಜಾಗಗಳನ್ನೂ ಬರೆದುಕೊಂಡವರಲ್ಲಿ 91 ಪ್ರತಿಶತ. ಅದು ಒಂದು ವಾರದ ಲೆಕ್ಕವಷ್ಟೇ, ವರ್ಷದ ಭರವಸೆಯನ್ನು ಅದರಿಂದ ತೆಗೆಯಲಾಗದು. ಆದರೂ ಹುರುಪು ಮಾತ್ರ ಎಷ್ಟು ದೂರ ಹೋಗುತ್ತದೆ ಎಂಬುದು ಅದರಿಂದ ತಿಳಿಯುತ್ತದೆ.

ಆಫೀಸಿನಲ್ಲಿ ತಡವಾಗುವ ದಿನಗಳಿಗೆ ಒಂದು ಸಣ್ಣ ಪಟ್ಟಿ ಬೇರೆಯಾಗಿರಲಿ: ಮನೆಗೆ ಬಂದು ಶೂ ಬಿಚ್ಚುವ ಮೊದಲು ಮೆಟ್ಟಿಲನ್ನು ನಾಲ್ಕು ಸಲ ಹತ್ತಿಳಿಯುವುದು, ಇಲ್ಲವೇ ಎರಡು ಸುತ್ತು ಬಸ್ಕಿ, ಒಂದು ಸುತ್ತು ದಂಡ. ಇಷ್ಟರಿಂದ ಏನಾಗುತ್ತದೆ ಎಂದು ಮೂಗು ಮುರಿಯುವವರಿಗೆ ಹೇಳಬೇಕಾದ ಸಂಗತಿಯೆಂದರೆ, ಒಮ್ಮೆಗೆ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಎಂಬ ಹಳೆಯ ಷರತ್ತನ್ನು ವಿಶ್ವ ಆರೋಗ್ಯ ಸಂಸ್ಥೆ ಅದೇ 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದೆ.

ಜನವರಿಯ ಉತ್ಸಾಹದ ಬಗ್ಗೆಯೂ ಒಂದು ಮಾತು. ಮೊದಲ ವಾರವೇ ಮೈಮುರಿಯುವಷ್ಟು ಭಾರ ಎತ್ತಿದರೆ ಒಂದರಿಂದ ಮೂರು ದಿನ ಕೈಕಾಲು ಹಿಡಿದುಕೊಂಡಿರುತ್ತವೆ, ಮನಸ್ಸು ಆ ಜಾಗವನ್ನೇ ನೋವಿನ ಜೊತೆ ಸೇರಿಸಿ ನೆನಪಿಟ್ಟುಕೊಳ್ಳುತ್ತದೆ. ಆಯುರ್ವೇದದ ಹಳೆಯ ಗ್ರಂಥವಾದ ವಾಗ್ಭಟನ ‘ಅಷ್ಟಾಂಗಹೃದಯ’ದ ದಿನಚರ್ಯೆಯ ಅಧ್ಯಾಯವು, ಬಲಶಾಲಿಗಳು ಕೂಡ ಚಳಿಗಾಲ ಮತ್ತು ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಅದಕ್ಕಿಂತಲೂ ಕಡಿಮೆ ಮಾಡಬೇಕು ಎನ್ನುತ್ತದೆ. ಕ್ರೀಡಾಪಟುವಿಗೆ ಈ ಅಳತೆ ಸಾಲದಿರಬಹುದು. ಮೂರು ತಿಂಗಳು ಬಿಟ್ಟು ಮತ್ತೆ ಜಿಮ್ ಬಾಗಿಲು ತೆರೆಯುವ ನಿಮಗೆ ಮಾತ್ರ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ. ಇನ್ನೂ ಸ್ವಲ್ಪ ಮಾಡಬಹುದಿತ್ತು ಎನ್ನಿಸುವಾಗಲೇ ಮನೆಗೆ ಹೊರಡಿ. ಹಾಂ, ಮುಂದಿನ ಸಲ ಶುಲ್ಕವನ್ನು ತಿಂಗಳ ಲೆಕ್ಕದಲ್ಲಿ ಕಟ್ಟಿ.

ಪ್ರಶ್ನೆ: ನನಗೆ 47 ವರ್ಷ, ಗೃಹಿಣಿ. ಬೆಳಿಗ್ಗೆ ಐದೂವರೆಗೆ ಎದ್ದರೆ ರಾತ್ರಿ ಹತ್ತರವರೆಗೆ ಬಿಡುವಿಲ್ಲ. ಸಕ್ಕರೆ ಗಡಿಯಲ್ಲಿದೆ, ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಮನೆಗೆಲಸವೇ ವ್ಯಾಯಾಮವಲ್ಲವೇ ಎಂದು ನಮ್ಮ ಯಜಮಾನರು ಕೇಳುತ್ತಾರೆ. ಬೆಳಿಗ್ಗೆ ಹೊರಟರೆ ಅತ್ತೆಯವರ ಕಾಫಿಗೆ, ಮಗನ ಡಬ್ಬಿಗೆ ತಡವಾಗುತ್ತದೆ. ಹೋದ ದಿನ ಏನೋ ತಪ್ಪು ಮಾಡಿದಂತೆ ಅನಿಸುತ್ತದೆ, ಹೋಗದ ದಿನ ಭಯವಾಗುತ್ತದೆ. ಎರಡು ತಿಂಗಳು ನಡೆದರೂ ತೂಕ ಒಂದು ಕೆಜಿಯೂ ಇಳಿದಿಲ್ಲ.
- ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಯಜಮಾನರ ಪ್ರಶ್ನೆಯಿಂದಲೇ ಶುರು ಮಾಡೋಣ, ಏಕೆಂದರೆ ಅದು ಅರ್ಧ ಸರಿಯಾಗಿದೆ. ಮನೆಗೆಲಸವೂ ದೈಹಿಕ ಚಟುವಟಿಕೆಯ ಲೆಕ್ಕಕ್ಕೆ ಸೇರುತ್ತದೆ. ಬಟ್ಟೆ ಒಗೆಯುವುದು, ಬಾಗಿ ನೆಲ ಒರೆಸುವುದು, ನೀರು ತುಂಬಿದ ಕೊಡ ಹೊರುವುದು ಸಾಧಾರಣ ವೇಗದ ನಡಿಗೆಗೆ ಸಮವಾಗಬಹುದು. ಆದರೆ ಒಲೆಯ ಮುಂದೆ ಎರಡು ಗಂಟೆ ನಿಂತರೆ ಕಾಲು ನೋಯುತ್ತದೆಯೇ ಹೊರತು ಉಸಿರಿನ ಗತಿ ಏರುವುದಿಲ್ಲ. ದಣಿವು ಮತ್ತು ವ್ಯಾಯಾಮ ಒಂದೇ ಅಲ್ಲವೆಂಬುದನ್ನು ನಮ್ಮ ಮನೆಗಳಲ್ಲಿ ಯಾರೂ ಗಮನಿಸುವುದಿಲ್ಲ, ಹೆಂಗಸರು ದಣಿದಿರುವುದನ್ನು ಕಂಡು ಅವರಿಗೆ ವ್ಯಾಯಾಮವಾಗಿದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಸರಳವಾದ ಪರೀಕ್ಷೆಯೊಂದಿದೆ: ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ನಿಮ್ಮ ದಿನದ ಯಾವ ಕೆಲಸ ಆ ಮಟ್ಟಕ್ಕೆ ಮುಟ್ಟುತ್ತದೆ ಎಂಬುದನ್ನು ಯಜಮಾನರೇ ಒಂದು ದಿನ ನಿಮ್ಮ ಜೊತೆಗಿದ್ದು ನೋಡಲಿ.

ನಿಮ್ಮ ತೊಂದರೆ ನಿಮ್ಮೊಬ್ಬರದಲ್ಲ. 2022ರ ಅಂಕಿಅಂಶಗಳ ಮೇಲೆ 2024ರಲ್ಲಿ ಪ್ರಕಟವಾದ ವಿಶ್ವಮಟ್ಟದ ಅಂದಾಜಿನ ಪ್ರಕಾರ, ಭಾರತದಲ್ಲಿ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದವರು ಗಂಡಸರಲ್ಲಿ ಸುಮಾರು 42 ಪ್ರತಿಶತ, ಹೆಂಗಸರಲ್ಲಿ ಸುಮಾರು 57 ಪ್ರತಿಶತ. ಈ ಅಂತರಕ್ಕೆ ಹೆಂಗಸರ ಮನೋಭಾವವನ್ನು ಹೊಣೆ ಮಾಡುವುದು ಅನ್ಯಾಯ. ಬೆಳಗಿನ ಅರ್ಧ ಗಂಟೆ ಯಾರದು ಎಂಬುದು ಮನೆಯವರೆಲ್ಲ ಸೇರಿ ತೀರ್ಮಾನಿಸಬೇಕಾದ ವಿಷಯ. ಅದನ್ನು ನೀವೊಬ್ಬರೇ ಮನಸ್ಸಿನೊಳಗೆ ಅಪರಾಧವೆಂದು ಹೊತ್ತುಕೊಂಡು ತಿರುಗಿದರೆ ಯಾವ ಅಭ್ಯಾಸವೂ ಕೂರುವುದಿಲ್ಲ, ಏಕೆಂದರೆ ಪ್ರತಿ ಸಲ ಚಪ್ಪಲಿ ಮೆಟ್ಟುವಾಗಲೂ ಮನಸ್ಸಿನಲ್ಲಿ ಹೊಸದಾಗಿ ಒಂದು ವಾದ ಗೆಲ್ಲಬೇಕಾಗುತ್ತದೆ. ಅನುಮತಿ ಕೇಳುವ ದನಿಯಲ್ಲಿ ಹೇಳದೆ, ಡಾಕ್ಟರ ಚೀಟಿಯಲ್ಲಿರುವ ಮಾತ್ರೆಯ ವಿಷಯ ಹೇಳುವಂತೆಯೇ ಹೇಳಿ: ‘ಆರರಿಂದ ಆರೂವರೆ ನಾನು ಇರುವುದಿಲ್ಲ, ಅತ್ತೆಯವರ ಕಾಫಿ ನಿಮ್ಮ ಕೆಲಸ.’ ಕಾಫಿಗೆ ಡಿಕಾಕ್ಷನ್ ಹಾಕಿಟ್ಟು ಹೊರಟರೆ ಹಾಲು ಕಾಯಿಸಿ ಬೆರೆಸುವುದು ಯಾರಿಗೂ ಬಾರದ ವಿದ್ಯೆಯಲ್ಲ. ಮಗನಿಗೆ ಡಬ್ಬಿ ಕಟ್ಟಿಕೊಳ್ಳುವ ವಯಸ್ಸಾಗಿದ್ದರೆ ಅವನೂ ಕಲಿಯಲಿ. ಮೊದಲ ಒಂದೆರಡು ವಾರ ಗೊಣಗಾಟ ಇರುತ್ತದೆ, ಅದನ್ನು ಕೇಳಿಸಿಕೊಂಡು ಸುಮ್ಮನಿರುವುದೂ ಈ ಅಭ್ಯಾಸದ ಭಾಗವೆಂದೇ ತಿಳಿಯಿರಿ.

ಬೆಳಿಗ್ಗೆ ಸಾಧ್ಯವೇ ಇಲ್ಲದ ದಿನಗಳಲ್ಲಿ ಅರ್ಧ ಗಂಟೆಯನ್ನು ಮೂರು ತುಂಡು ಮಾಡಿ. ತಿಂಡಿ, ಊಟ, ರಾತ್ರಿಯೂಟ ಆದ ಮೇಲೆ ಹತ್ತು ಹತ್ತು ನಿಮಿಷ ತಾರಸಿಯ ಮೇಲೋ ಓಣಿಯಲ್ಲೋ ನಡೆದರೆ, ಊಟದ ನಂತರ ಏರುವ ಸಕ್ಕರೆಯನ್ನು ಸ್ನಾಯುಗಳು ಬಳಸಿಕೊಳ್ಳುವುದರಿಂದ ನಿಮ್ಮಂಥವರಿಗೆ ಅದು ಇನ್ನೂ ಉಪಯುಕ್ತ. ರಾತ್ರಿಯ ಹತ್ತು ನಿಮಿಷಕ್ಕೆ ಯಜಮಾನರನ್ನೂ ಎಬ್ಬಿಸಿಕೊಂಡು ಹೋಗಿ. ಪಕ್ಕದ ಮನೆಯವರೊಬ್ಬರು ಜೊತೆಗೆ ಸಿಕ್ಕರೆ ಇನ್ನೂ ಒಳ್ಳೆಯದು. ಒಬ್ಬರು ಗೇಟಿನ ಬಳಿ ಕಾಯುತ್ತಿದ್ದಾರೆಂದರೆ ಹೊರಡದಿರುವುದೇ ಕಷ್ಟ. ಇದರೊಂದಿಗೆ ವಾರದಲ್ಲಿ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು ಸೇರಲಿ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೂಳೆ, ಸ್ನಾಯುಗಳೆರಡೂ ಸವೆಯುತ್ತವೆ, ಅದಕ್ಕೆ ನಡಿಗೆಯೊಂದೇ ಸಾಲದು.

ಇನ್ನು ತೂಕದ ವಿಷಯ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ತಂಡದವರು ಸಕ್ಕರೆ ಗಡಿಯಲ್ಲಿದ್ದ 531 ಭಾರತೀಯರನ್ನು ಅನುಸರಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಮ್ಮಲ್ಲಿ ಇನ್ನೂ ಹೆಚ್ಚು ಜನ ತಿಳಿಯಬೇಕಿತ್ತು. ಆಹಾರದಲ್ಲಿ ಬದಲಾವಣೆ ಮತ್ತು ದಿನಕ್ಕೆ ಅರ್ಧ ಗಂಟೆಯ ಚುರುಕು ನಡಿಗೆಯ ಸಲಹೆ ಪಡೆದವರಲ್ಲಿ ಮಧುಮೇಹಕ್ಕೆ ಜಾರುವ ಸಂಭವ, ಸಾಮಾನ್ಯ ಸಲಹೆಯಷ್ಟನ್ನೇ ಪಡೆದವರಿಗಿಂತ 28.5 ಪ್ರತಿಶತ ಕಡಿಮೆಯಾಯಿತು. ಅವರ ತೂಕವಾದರೋ ಗಮನಾರ್ಹವಾಗಿ ಇಳಿದಿರಲಿಲ್ಲ. ಎರಡು ತಿಂಗಳಲ್ಲಿ ತೂಕದ ಯಂತ್ರದ ಮುಳ್ಳು ಅಲುಗಾಡದಿದ್ದರೂ ನಿಮ್ಮ ನಡಿಗೆ ಒಳಗೆ ಕೆಲಸ ಮಾಡುತ್ತಿರಬಹುದು. ತಿಂಗಳಿಗೊಮ್ಮೆಗಿಂತ ಹೆಚ್ಚು ತೂಕ ನೋಡಬೇಡಿ. ಅದರ ಬದಲು ಸೊಂಟದ ಸುತ್ತಳತೆ ತೆಗೆದಿಡಿ. ಭಾರತೀಯ ಹೆಂಗಸರಿಗೆ 80 ಸೆಂಟಿಮೀಟರಿನೊಳಗೆ, ಗಂಡಸರಿಗೆ 90ರೊಳಗೆ ಇರುವುದು ಒಳ್ಳೆಯದು. ಮೂರು ತಿಂಗಳಿಗೊಮ್ಮೆ ಡಾಕ್ಟರು ಮಾಡಿಸುವ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿಯನ್ನು ಯಜಮಾನರಿಗೂ ತೋರಿಸಿ.

ಪ್ರಶ್ನೆ: ನನಗೆ 22. ಎಲ್ಲರೂ ವ್ಯಾಯಾಮ ತಪ್ಪಿಸುವುದರ ಬಗ್ಗೆ ಬರೆಯುತ್ತಾರೆ, ನನ್ನ ಸಮಸ್ಯೆ ಬೇರೆ. ದಿನಾ ಎರಡೂವರೆ ಗಂಟೆ ಜಿಮ್‌ನಲ್ಲಿರುತ್ತೇನೆ. ಒಂದು ದಿನ ತಪ್ಪಿದರೆ ಮೈಯೆಲ್ಲ ಕರಗಿಹೋದಂತೆ ಅನಿಸಿ ನಿದ್ದೆ ಬರುವುದಿಲ್ಲ. ಜ್ವರ ಬಂದಾಗಲೂ ಹೋಗಿದ್ದೇನೆ. ಅಕ್ಕನ ಮದುವೆಯ ದಿನ ಜಿಮ್ ಮುಗಿಸಿ ಬರುವಷ್ಟರಲ್ಲಿ ಮುಹೂರ್ತ ಮುಗಿದಿತ್ತು. ಅಮ್ಮ ಮಾಡಿದ ಪತ್ರೊಡೆ ಮುಟ್ಟುವುದಿಲ್ಲವೆಂದು ಮನೆಯಲ್ಲಿ ಬೇಸರ. ಸ್ನೇಹಿತರು ಮಾತ್ರ ನಿನ್ನ ಶಿಸ್ತು ನಮಗಿಲ್ಲ ಎನ್ನುತ್ತಾರೆ. ಇದು ಶಿಸ್ತೇ?
- ಹೆಸರು ಬೇಡ, ಮಂಗಳೂರು

ಉತ್ತರ: ಪ್ರಶ್ನೆ ಕೇಳುವಾಗಲೇ ನಿಮಗೆ ಉತ್ತರ ಹೊಳೆದಿರಬೇಕು. ಇದನ್ನು ಈಗಲೇ ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಈ ತೊಂದರೆಗೆ ಹೊರಗಿನಿಂದ ಹೊಗಳಿಕೆ ಸಿಗುತ್ತಿರುವಷ್ಟು ಕಾಲ ಅದನ್ನು ತೊಂದರೆಯೆಂದು ಯಾರೂ ಗುರುತಿಸುವುದಿಲ್ಲ. ಶಿಸ್ತಿರುವವರು ಯಾವ ದಿನ ಮಾಡಬಾರದೆಂಬುದನ್ನೂ ತೀರ್ಮಾನಿಸಬಲ್ಲರು. ಜ್ವರದಲ್ಲಿ ಹೋಗುವುದು, ಅಕ್ಕನ ಮುಹೂರ್ತ ತಪ್ಪಿಸಿಕೊಳ್ಳುವುದು, ಹೋಗದಿದ್ದರೆ ನಿದ್ದೆಗೆಡುವುದು, ಇವು ಆ ತೀರ್ಮಾನ ನಿಮ್ಮ ಕೈಯಿಂದ ಜಾರಿರುವುದರ ಗುರುತುಗಳು.

ಮೊದಲು ದೇಹದ ವಿಷಯ ತಿಳಿಯಿರಿ. ಭಾರ ಎತ್ತುವಾಗ ಸ್ನಾಯು ಬೆಳೆಯುವುದಿಲ್ಲ; ಎತ್ತಿದ ಮೇಲೆ, ಊಟ ಮತ್ತು ನಿದ್ದೆಯ ಹೊತ್ತಿನಲ್ಲಿ ಅದು ದುರಸ್ತಿಯಾಗಿ ಬಲಗೊಳ್ಳುತ್ತದೆ. ಒಂದು ದಿನದ ವಿಶ್ರಾಂತಿಯಲ್ಲಿ ಸ್ನಾಯು ಕರಗುವುದಿಲ್ಲ, ವರ್ಷಗಟ್ಟಲೆ ಕಟ್ಟಿದ ಮೈ ಒಂದು ವಾರದ ಬಿಡುವಿನಲ್ಲೂ ಬಹುಪಾಲು ಹಾಗೆಯೇ ಇರುತ್ತದೆ. ಜ್ವರದಲ್ಲಿ ಕಠಿಣ ವ್ಯಾಯಾಮ ಮಾಡುವುದು ನಿಜಕ್ಕೂ ಅಪಾಯ, ಏಕೆಂದರೆ ಕೆಲವು ವೈರಸ್ ಸೋಂಕುಗಳು ಹೃದಯದ ಸ್ನಾಯುವಿಗೂ ಉರಿಯೂತ ತರಬಲ್ಲವು, ಆ ಹೊತ್ತಿನ ಶ್ರಮ ಹೃದಯದ ಬಡಿತದ ಲಯವನ್ನೇ ಕೆಡಿಸಬಹುದು.

ಕಠಿಣವಾದ ಅಭ್ಯಾಸಕ್ಕೆ ಲೋಕದಲ್ಲೆಲ್ಲ ಹೆಸರಾದದ್ದು ನಮ್ಮ ಮೈಸೂರಿನ ಅಷ್ಟಾಂಗ ವಿನ್ಯಾಸ ಯೋಗದ ಪರಂಪರೆ. ವಾರಕ್ಕೆ ಆರು ದಿನ ಬೆಳಗಿನ ಜಾವ ಅಭ್ಯಾಸ ನಡೆಯುವ ಆ ಪದ್ಧತಿಯಲ್ಲಿಯೂ ಶನಿವಾರ ರಜೆ, ಅದರ ಮೇಲೆ ಅಮಾವಾಸ್ಯೆ ಮತ್ತು ಹುಣ್ಣಿಮೆಗಳಂದೂ ಅಭ್ಯಾಸವಿಲ್ಲ ಎಂಬ ಸಂಪ್ರದಾಯ ಬೆಳೆದುಬಂದಿದೆ. ಈ ರಜೆಯನ್ನು ಅಭ್ಯಾಸಿ ತನ್ನ ಮನಸ್ಸಿಗೆ ಬಂದಂತೆ ತೆಗೆದುಕೊಳ್ಳುವುದಿಲ್ಲ, ಪಂಚಾಂಗ ಕೊಡುತ್ತದೆ. ನಿಮ್ಮಂಥವರಿಗೆ ಇದೇ ದಾರಿ: ಇಂದು ವಿಶ್ರಾಂತಿ ಬೇಕೇ ಎಂಬ ಪ್ರಶ್ನೆಯನ್ನು ಪ್ರತಿದಿನ ಮನಸ್ಸಿನ ಮುಂದಿಟ್ಟರೆ ಬೇಡವೆಂದೇ ಅದು ಹೇಳುತ್ತದೆ, ಆದ್ದರಿಂದ ವಾರದಲ್ಲಿ ಎರಡು ದಿನಗಳನ್ನು ಮೊದಲೇ ಗುರುತು ಹಾಕಿ, ಆ ದಿನ ಜಿಮ್ ಬ್ಯಾಗನ್ನು ಕಣ್ಣಿಗೆ ಬೀಳದ ಕಡೆ ಇಡಿ. ಮೊದಲ ಕೆಲವು ವಿಶ್ರಾಂತಿಯ ದಿನಗಳಲ್ಲಿ ಚಡಪಡಿಕೆ ಇದ್ದೇ ಇರುತ್ತದೆ. ಅದು ತಾನಾಗಿ ಇಳಿಯುತ್ತದೆಯೇ ಎಂಬುದನ್ನು ಗಮನಿಸಿ, ಆ ಹೊತ್ತಿಗೆ ಯಾರ ಜೊತೆಗಾದರೂ ಇರಿ. ಪತ್ರೊಡೆಯ ಬಗ್ಗೆ ನಮ್ಮದು ಪಕ್ಷಪಾತದ ಅಭಿಪ್ರಾಯವೇ ಇರಬಹುದು, ಆದರೆ ಕೆಸುವಿನೆಲೆಗೆ ಅಕ್ಕಿ ಹಿಟ್ಟು ಬಳಿದು ಹಬೆಯಲ್ಲಿ ಬೇಯಿಸಿದ ತಿಂಡಿಯಿಂದ ಯಾವ ಮೈಕಟ್ಟೂ ಕೆಡುವುದಿಲ್ಲ.

ನಾಲ್ಕಾರು ವಾರಗಳಲ್ಲಿ ಹೀಗೆ ಬಿಡುವು ತೆಗೆದುಕೊಳ್ಳಲು ಸಾಧ್ಯವಾಗದಿದ್ದರೆ, ಅಥವಾ ಕನ್ನಡಿಯಲ್ಲಿ ಎಷ್ಟು ನೋಡಿಕೊಂಡರೂ ಮೈ ಸಣ್ಣದಾಗಿಯೇ ಕಾಣುತ್ತಿದ್ದರೆ, ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಲೇಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಅಕ್ಕನಿಗೆ ಇದೆಲ್ಲವನ್ನೂ ಹೇಳಿ. ಮುಹೂರ್ತ ತಪ್ಪಿದ್ದರ ಕಾರಣ ಗೊತ್ತಾದರೆ ಅವರ ಬೇಸರವೂ ಕಡಿಮೆಯಾದೀತು.

ಪ್ರಶ್ನೆ: ನಿವೃತ್ತ ಶಿಕ್ಷಕ, 68 ವರ್ಷ, ಎಡ ಮಂಡಿಯಲ್ಲಿ ಸವೆತವಿದೆ. ಮೊಮ್ಮಗ ಹೆಜ್ಜೆ ಎಣಿಸುವ ವಾಚ್ ಕೊಡಿಸಿದ್ದಾನೆ. ದಿನಕ್ಕೆ 10,000 ಹೆಜ್ಜೆ ಆಗಲೇಬೇಕಂತೆ. ನನಗೆ 6,000 ದಾಟುವುದಿಲ್ಲ, ರಾತ್ರಿ ವಾಚ್ ನೋಡಿದರೆ ಪರೀಕ್ಷೆಯಲ್ಲಿ ನಪಾಸಾದಂತೆ ಆಗುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಡಿಗೆ ನಿಂತು, ಆಮೇಲೆ ಮತ್ತೆ ಶುರು ಮಾಡಲು ಮನಸ್ಸೇ ಬರುವುದಿಲ್ಲ.
- ವಿ. ಎನ್., ತೀರ್ಥಹಳ್ಳಿ

ಉತ್ತರ: ಮೇಷ್ಟ್ರೇ, ನೀವು ನಪಾಸಾಗಿಲ್ಲ, ಪ್ರಶ್ನೆಪತ್ರಿಕೆಯೇ ಸರಿಯಿಲ್ಲ. 10,000 ಎಂಬ ಅಂಕಿ ವೈದ್ಯರು ಅಳೆದು ತೂಗಿ ಕೊಟ್ಟದ್ದಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನಲ್ಲಿ ಮಾರಾಟಕ್ಕೆ ಬಂದ, ಹೆಜ್ಜೆ ಎಣಿಸುವ ಒಂದು ಯಂತ್ರಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬ ಅರ್ಥದ ಹೆಸರಿಟ್ಟಿದ್ದರು; ನೆನಪಿನಲ್ಲಿ ಉಳಿಯುವ ಆ ದುಂಡು ಅಂಕಿ ಲೋಕವನ್ನೆಲ್ಲ ಸುತ್ತಿ ನಿಮ್ಮ ಮೊಮ್ಮಗನವರೆಗೆ ಬಂದಿದೆ. ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಸಂಗಡಿಗರು ಸರಾಸರಿ 72 ವರ್ಷದ ಸಾವಿರಾರು ಅಮೆರಿಕನ್ ಮಹಿಳೆಯರ ಹೆಜ್ಜೆಗಳನ್ನು ಅಳೆದು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ಇಟ್ಟವರಿಗಿಂತ 4,400 ಹೆಜ್ಜೆ ಇಟ್ಟವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು. ಸುಮಾರು 7,500ರ ನಂತರ ಆ ಲಾಭ ಮತ್ತೆ ಏರಲಿಲ್ಲ. ನಿಮ್ಮ 6,000 ಒಳ್ಳೆಯ ಅಂಕಿ. ಇದನ್ನು ಮೊಮ್ಮಗನಿಗೂ ಓದಿ ಹೇಳಿ. ಕೆಲವು ವಾರ ವಾಚನ್ನು ಸಮಯ ನೋಡಲು ಮಾತ್ರ ಬಳಸಿದರೂ ನಷ್ಟವಿಲ್ಲ.

ಮಂಡಿಯ ಸವೆತವಿರುವವರು ನಡೆದರೆ ಇನ್ನಷ್ಟು ಸವೆಯುತ್ತದೆಂಬ ಹೆದರಿಕೆ ಬೇಡ. ಮಂಡಿಗೆ ಆಸರೆಯಾಗಿರುವ ತೊಡೆಯ ಸ್ನಾಯುಗಳು ಬಲವಾಗಿದ್ದಷ್ಟೂ ಕೀಲಿನ ಮೇಲಿನ ಭಾರ ಕಡಿಮೆ. ನಡೆದ ಮರುದಿನವೂ ಮಂಡಿ ಊದಿಕೊಂಡಿದ್ದರೆ ಮಾತ್ರ ದೂರ ಕಡಿಮೆ ಮಾಡಿ, ಡಾಕ್ಟರಿಗೆ ತೋರಿಸಿ.

ಮಳೆಗಾಲದ ವಿಷಯದಲ್ಲಿ ಮಲೆನಾಡಿನವರಿಗೆ ನಾವು ಹೇಳುವುದೇನಿದೆ! ಆಗುಂಬೆಯ ಪಕ್ಕದಲ್ಲಿದ್ದುಕೊಂಡು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆಯಲ್ಲಿ ನಡೆಯುವ ನೇಮ ಇಟ್ಟುಕೊಂಡರೆ ಅದು ಮುರಿಯಲೆಂದೇ ಇಟ್ಟಂತೆ. ಆರಿದ್ರಾ ಮಳೆ ಹಿಡಿಯುವುದಕ್ಕೆ ಮೊದಲೇ, ಅಂದರೆ ಜೂನ್ ಮೂರನೇ ವಾರದೊಳಗೆ, ಒಳಗಿನ ವ್ಯಾಯಾಮಕ್ಕೆ ಬದಲಾಗಿಬಿಡಿ: ಜಗುಲಿಯಲ್ಲಿ ಬೆಳಿಗ್ಗೆ ಸಂಜೆ ಹದಿನೈದು ನಿಮಿಷ ನಡಿಗೆ, ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ಕಂಬ ಹಿಡಿದು ಒಂಟಿ ಕಾಲಿನಲ್ಲಿ ನಿಲ್ಲುವುದು. ಬಿದ್ದು ಮೂಳೆ ಮುರಿದುಕೊಳ್ಳುವುದನ್ನು ತಪ್ಪಿಸಲು 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾವಸೆ ಕಟ್ಟಿದ ಅಂಗಳಗಳ ಊರಿನಲ್ಲಿ ಅದರ ಬೆಲೆ ನಿಮಗೆ ಗೊತ್ತೇ ಇದೆ. ಹೀಗೆ ಮಾಡಿದರೆ ಮಳೆ ನಿಂತಾಗ ನೀವು ಹೊಸದಾಗಿ ಶುರು ಮಾಡಬೇಕಾಗಿಲ್ಲ, ಜಾಗ ಬದಲಿಸಿದರೆ ಸಾಕು.

ಪ್ರಶ್ನೆ: ಚಿಕಾಗೋದಲ್ಲಿ ನೆಲೆಸಿದ್ದೇನೆ. ಬೇಸಿಗೆಯಲ್ಲಿ ಓಡುತ್ತೇನೆ. ಡಿಸೆಂಬರ್ ಬಂತೆಂದರೆ ಸಂಜೆ ನಾಲ್ಕೂವರೆಗೆ ಕತ್ತಲು, ಮೈಕೊರೆಯುವ ಗಾಳಿ, ಒಂಟಿತನ. ಸೋಫಾ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ಮೈಸೂರಿನಲ್ಲಿರುವ ತಂಗಿ ದಿನಾ ಕುಕ್ಕರಹಳ್ಳಿ ಕೆರೆ ಸುತ್ತುತ್ತಾಳೆ, ಅವಳನ್ನು ಕಂಡರೆ ಹೊಟ್ಟೆಕಿಚ್ಚು!
- ಎಂ. ಜಿ., ಚಿಕಾಗೋ

ಉತ್ತರ: ಹೊಟ್ಟೆಕಿಚ್ಚಿನ ಬದಲು ತಂಗಿಯ ಜೊತೆಗೇ ನಡೆಯಿರಿ. ಚಳಿಗಾಲದಲ್ಲಿ ನಿಮ್ಮ ಊರಿಗೂ ಮೈಸೂರಿಗೂ ಹನ್ನೊಂದೂವರೆ ಗಂಟೆಯ ಅಂತರ. ನಿಮ್ಮ ಸಂಜೆ ಏಳು ಗಂಟೆಗೆ ಅಲ್ಲಿ ಮರುದಿನ ಬೆಳಗಿನ ಆರೂವರೆ, ಅವರು ಕೆರೆಯ ದಂಡೆಯಲ್ಲಿರುವ ಹೊತ್ತು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಅವರು ಅಲ್ಲಿ ಕೆರೆ ಸುತ್ತಲಿ, ನೀವು ಮನೆಯೊಳಗೋ ಹತ್ತಿರದ ಮಾಲ್‌ನಲ್ಲೋ ಟ್ರೆಡ್‌ಮಿಲ್ ಮೇಲೋ ನಡೆಯಿರಿ. ಓಟ ಇರಲೇಬೇಕೆಂಬ ಹಟ ಬೇಡ. ಬೇಸಿಗೆಯ ವೇಗವನ್ನು ಡಿಸೆಂಬರ್‌ನಲ್ಲಿ ಹುಡುಕಿದರೆ ನಿರಾಶೆಯೇ ಸಿಗುತ್ತದೆ. ತಂಗಿಗೆ ಬಿಡುವಿಲ್ಲದ ದಿನ ಒಬ್ಬರೇ ಹತ್ತು ನಿಮಿಷ ನಡೆದು ಸಂದೇಶ ಕಳಿಸಿ, ಅಷ್ಟು ಸಾಕು. ಕೆಲವರಿಗೆ ಚಳಿಗಾಲದ ಮಂಕು ಬರಿಯ ಸೋಮಾರಿತನವಾಗಿರದೆ ಬೆಳಕಿನ ಕೊರತೆಯಿಂದ ಬರುವ ಖಿನ್ನತೆಯೂ ಆಗಿರಬಹುದು. ಹಸಿವು, ನಿದ್ದೆ, ಕೆಲಸಗಳಲ್ಲೂ ವ್ಯತ್ಯಾಸ ಕಂಡರೆ ವೈದ್ಯರಿಗೆ ತಿಳಿಸಿ, ಅದಕ್ಕೆ ಚಿಕಿತ್ಸೆ ಇದೆ.

ಒಂದು ಸಂಗತಿಯನ್ನು ಈಗಲೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಮಾರ್ಚ್ ತಿಂಗಳ ಎರಡನೇ ಭಾನುವಾರ ಅಮೆರಿಕದ ಗಡಿಯಾರಗಳು ಒಂದು ಗಂಟೆ ಮುಂದಕ್ಕೆ ಹೋಗುತ್ತವೆ. ಆಗ ನಿಮ್ಮ ಏಳು ಗಂಟೆ ತಂಗಿಗೆ ಬೆಳಗಿನ ಐದೂವರೆಯಾಗುತ್ತದೆ, ಅವರು ಇನ್ನೂ ಹಾಸಿಗೆಯಲ್ಲಿರುತ್ತಾರೆ. ಹೊತ್ತನ್ನು ರಾತ್ರಿ ಎಂಟಕ್ಕೆ ಬದಲಿಸುವುದೋ, ಅಥವಾ ಅಷ್ಟು ಹೊತ್ತಿಗೆ ಬೆಳಕು ಮರಳಿರುವುದರಿಂದ ವಾರಾಂತ್ಯಕ್ಕೆ ಮಾತ್ರ ಇಟ್ಟುಕೊಂಡು ಉಳಿದ ದಿನ ಹೊರಗೆ ಓಡುವುದೋ ಎಂಬುದನ್ನು ಇಬ್ಬರೂ ಫೆಬ್ರವರಿಯಲ್ಲೇ ಮಾತನಾಡಿಕೊಳ್ಳಿ.